ಆರತಕ್ಷತೆಗೆ 300 ಜನ: ಎಷ್ಟು ಬಗೆ ಊಟ, ಎಷ್ಟು ಪಾನೀಯ?

ಮದುವೆಮನೆ:
ಸಂಜೆ 7ರಿಂದ 10:30ರವರೆಗೆ ಆರತಕ್ಷತೆ, ಬಫೆ ಊಟ. 300 ಜನ, ಅವರಲ್ಲಿ 12 ವರ್ಷದೊಳಗಿನ ಮಕ್ಕಳು 40. ಊಟದ ಜಾಗದ ಅರ್ಧಕ್ಕೆ ಮಾತ್ರ ಸೂರು. ಕೇಟರಿಂಗ್‌ನವರ ಪಟ್ಟಿಯಲ್ಲಿ 18 ಬಗೆ ಇದೆ: ಅನ್ನದ್ದೇ 3, ಗ್ರೇವಿ 4, ಕರಿದದ್ದು 3, ಬ್ರೆಡ್ 2, ಸಲಾಡ್ 2, ಸಿಹಿ 4. ಎಲ್ಲವೂ ಬೇಕಾ? ಯಾವುದನ್ನು ಕೈಬಿಡಬಹುದು? ಪಾನೀಯ, ನೀರು, ಐಸ್ ಎಷ್ಟು ತರಿಸಬೇಕು ಅನ್ನೋದಂತೂ ಅಂದಾಜಿಗೇ ಸಿಗ್ತಿಲ್ಲ.

ಕೊಪ್ಪರಿಗೆ:
10–11 ಬಗೆ ಸಾಕು. ಆದರೆ ಎಣಿಕೆಗಿಂತ ಮೊದಲು ನೋಡಬೇಕಾದ್ದು ಬೇರೆ: ಈ ಪದಾರ್ಥ ಮುಚ್ಚಳದ ಕೆಳಗೆ ಎರಡು ಗಂಟೆ ಕೂತರೆ ಏನಾಗುತ್ತೆ? ಒಲೆಯಿಂದ ಇಳಿಸಿದ ತಕ್ಷಣ ಎಲ್ಲವೂ ರುಚಿಯೇ. ಸ್ಯಾಂಪಲ್ ತಿನ್ನಲು ಕರೆದಾಗ ಅರ್ಧ ಆಗಲೇ ತಿನ್ನಿ, ಉಳಿದರ್ಧವನ್ನು ಬಿಸಿಯಲ್ಲೇ ಮುಚ್ಚಿಡಿಸಿ ಒಂದೂವರೆ ಗಂಟೆ ಕಳೆದ ಮೇಲೆ ತಿನ್ನಿ. ನಿಮ್ಮ ಅತಿಥಿಗಳ ತಟ್ಟೆಗೆ ಬೀಳೋದು ಆ ಎರಡನೆಯದು.

ಕರಿದದ್ದನ್ನು ಮುಚ್ಚಿಟ್ಟರೆ ತನ್ನ ಹಬೆಗೇ ಮೆತ್ತಗಾಗುತ್ತೆ. ಮೂರರ ಬದಲು ಒಂದೇ ಇರಲಿ, ಮುಚ್ಚಳವಿಲ್ಲದ ಜಾಲರಿಯ ಮೇಲೆ, ಸ್ವಲ್ಪ ಸ್ವಲ್ಪವೇ ಕರಿದು ತರಲಿ. ಕ್ರೀಮ್, ಮೊಸರು ಹಾಕಿದ ಗ್ರೇವಿ ಹೊತ್ತು ಕಳೆದಂತೆ ಒಡೆದು ಎಣ್ಣೆ ಬಿಡಬಹುದು. ಟೊಮೆಟೊ, ಈರುಳ್ಳಿ ಅರೆದು ಮಾಡಿದ್ದು ಚೆನ್ನಾಗಿ ನಿಲ್ಲುತ್ತೆ. ಹಸಿರು ತರಕಾರಿಗೆ ಹುಳಿ ಸೇರಿಸಿ ಬಿಸಿಯಲ್ಲಿಟ್ಟರೆ ಬಣ್ಣ ಸತ್ತುಹೋಗುತ್ತೆ. ಸಲಾಡ್‌ಗೆ ಉಪ್ಪು, ನಿಂಬೆರಸ ಬೀಳಬೇಕಾದ್ದು ಬಡಿಸುವ ಹೊತ್ತಿಗೆ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಂಡು ಕೂರುತ್ತೆ.

ಇನ್ನೊಂದು ಮಾತು. ಚೇಫಿಂಗ್ ಡಿಶ್ (ಬಫೆ ಮೇಜಿನ ಮೇಲಿಡುವ, ಕೆಳತಟ್ಟೆಯಲ್ಲಿ ನೀರು, ಅದರಡಿ ಸಣ್ಣ ಉರಿ ಇರುವ ಪಾತ್ರೆ) ಇರೋದು ಆಹಾರ ಬಿಸಿ ಮಾಡೋದಕ್ಕಲ್ಲ, ಇರುವ ಬಿಸಿಯನ್ನು ಹಿಡಿದಿಡೋದಕ್ಕೆ. ಕೆಳತಟ್ಟೆಗೆ ಕುದಿಯುವ ನೀರನ್ನೇ ಸುರಿಯಬೇಕು. ತಣ್ಣೀರು ಹಾಕಿ ಉರಿ ಹಚ್ಚಿದರೆ ಆ ನೀರು ಕಾಯುವಷ್ಟರಲ್ಲಿ ಊಟ ಆರಿರುತ್ತೆ. ಸೂರಿಲ್ಲದ ಕಡೆ ಗಾಳಿಗೆ ಉರಿ ಪಕ್ಕಕ್ಕೆ ಹೊರಳುತ್ತೆ, ಆದ್ದರಿಂದ ಬಿಸಿ ಪದಾರ್ಥಗಳೆಲ್ಲ ಸೂರಿನ ಕೆಳಗಿರಲಿ. ಪಾನೀಯ, ಸಿಹಿ ಹೊರಗೆ ಹೋಗಲಿ. ಬಿಸಿಯದ್ದು 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು, ತಣ್ಣಗಿನದ್ದು 5 ಡಿಗ್ರಿ ದಾಟಬಾರದು. ಇವೆರಡರ ನಡುವೆ 2 ಗಂಟೆಗಿಂತ ಹೆಚ್ಚು ಕೂತದ್ದನ್ನು ಎಸೆಯೋದೇ ಸರಿ.

ಅಳತೆಗೋಲು:
ಪ್ರಮಾಣಕ್ಕೆ ಬರ್ತೀನಿ. ಮಕ್ಕಳನ್ನು ಅರ್ಧಕ್ಕೆ ಹಿಡಿದರೆ 260 + 20 = 280 ಊಟ. ಪಾನೀಯ ಬಿಟ್ಟು ತಲೆಗೆ 500–550 ಗ್ರಾಂ ಬೆಂದ ಆಹಾರ ಅಂದರೆ ಒಟ್ಟು 140–155 ಕೆಜಿ. ಬಗೆ 18 ಆದರೂ ಹೊಟ್ಟೆ ಅಷ್ಟೇ ಇರುತ್ತಲ್ಲ! ಅಕ್ಕಿ ತಲೆಗೆ 80 ಗ್ರಾಂ, ಒಟ್ಟು 22–23 ಕೆಜಿ. ಬೆಂದಾಗ ಸುಮಾರು 60 ಕೆಜಿ ಆಗುತ್ತೆ. ಈ 80 ಗ್ರಾಂ ಎಲ್ಲ ಬಗೆಯ ಅನ್ನಕ್ಕೂ ಸೇರಿ, ಒಂದೊಂದಕ್ಕೂ ಅಲ್ಲ.

ಲೆಕ್ಕ ತಪ್ಪೋದು ಎರಡು ಗ್ರೇವಿ ಇದ್ದಾಗ. ಒಟ್ಟು ಪ್ರಮಾಣವನ್ನು ಅರ್ಧರ್ಧ ಮಾಡಬೇಡಿ. ಬಹಳ ಜನ ಎರಡನ್ನೂ ಸ್ವಲ್ಪ ಸ್ವಲ್ಪ ಹಾಕಿಸಿಕೊಳ್ತಾರೆ. ತಲೆಗೆ 150 ಗ್ರಾಂನಂತೆ 42 ಕೆಜಿ ಆದರೆ, ಒಂದೊಂದನ್ನೂ ಅದರ ಶೇ. 60ರಷ್ಟು, ಅಂದರೆ 25 ಕೆಜಿ ಮಾಡಿಸಿ. ನಾಲ್ಕು ಗ್ರೇವಿ ಇದ್ದರೆ ಈ ಹೆಚ್ಚುವರಿಯೇ ಬೆಳೆದು ರಾತ್ರಿ ಉಳಿಯೋದು.

ಸಾಲಿನ ವೇಗವನ್ನೂ ನೋಡಿ. ಬಫೆಯ ಒಂದು ಬದಿಯಲ್ಲಿ ನಿಮಿಷಕ್ಕೆ 3 ಜನ ದಾಟ್ತಾರೆ ಅಂತಿಟ್ಟುಕೊಳ್ಳಿ. ಒಂದೇ ಬದಿ ತೆರೆದರೆ 300 ಜನಕ್ಕೆ 100 ನಿಮಿಷ. ಎರಡು ಮೇಜು, ಎರಡೂ ಬದಿ ತೆರೆದರೆ 25 ನಿಮಿಷ. ತಟ್ಟೆ ಸಾಲಿನ ಮೊದಲಿಗೆ, ಚಮಚ, ಕರವಸ್ತ್ರ ಕೊನೆಗೆ ಇರಲಿ. ಆಗಲೇ ಮಾಡಿಕೊಡುವ ಲೈವ್ ಕೌಂಟರ್ ಬೇಕೆಂದರೆ ಸಾಲಿನಿಂದ ದೂರ ಇಡಿಸಿ: ತಟ್ಟೆಗೆ ಒಂದು ನಿಮಿಷ ಹಿಡಿದರೂ 300ಕ್ಕೆ 5 ಗಂಟೆ!

ಮದುವೆಮನೆ:
ಅನ್ನ 2, ಗ್ರೇವಿ 2, ಕರಿದದ್ದು 1, ಬ್ರೆಡ್ 2, ಸಲಾಡ್ 1, ಸಿಹಿ 2, ಒಟ್ಟು 10ಕ್ಕೆ ಇಳಿಸ್ತೀನಿ. ಸಿಹಿಯಲ್ಲಿ ಒಂದು ತಾಜಾ ಅನಾನಸ್ ಹಾಕಿದ ಕ್ರೀಮ್, ಪರವಾಗಿಲ್ವಾ? ಐಸ್ ಬಗ್ಗೆ ಯಾರೂ ಹೇಳಲಿಲ್ಲ.

ತಂಪುಪೆಟ್ಟಿಗೆ:
ಅನಾನಸ್ ಹಸಿಯಾಗಿ ಬೇಡ. ಅದರಲ್ಲಿನ ಬ್ರೊಮೆಲೈನ್ ಅನ್ನೋ ಕಿಣ್ವ ಹಾಲಿನ ಪ್ರೋಟೀನನ್ನು ಮುರಿಯುತ್ತೆ, ಒಂದೆರಡು ಗಂಟೆಯಲ್ಲಿ ಕಹಿ ಬರುತ್ತೆ. ಹಣ್ಣನ್ನು ಸಕ್ಕರೆಯೊಂದಿಗೆ ಕುದಿಸಿ ಆರಿಸಿ ಹಾಕಿದರೆ ಆ ತೊಂದರೆ ಇಲ್ಲ. ಹಸಿ ಪಪ್ಪಾಯಿಯದ್ದೂ, ಕಿವಿ ಹಣ್ಣಿನದ್ದೂ ಇದೇ ಕಥೆ.

ಪಾನೀಯಕ್ಕೆ ಮೊದಲ ಗಂಟೆ ತಲೆಗೆ 2 ಲೋಟ, ಆಮೇಲೆ ಗಂಟೆಗೊಂದು. ಮೂರೂವರೆ ಗಂಟೆಗೆ 4.5 ಲೋಟ, ಒಟ್ಟು 1,350. ಅರ್ಧಕ್ಕರ್ಧ ಜನ ನೀರನ್ನೇ ಎತ್ತಿಕೊಳ್ತಾರೆ. ಉಳಿದ 675 ಲೋಟಕ್ಕೆ ಐಸ್ ಹಾಕಿದ ಮೇಲೆ 150 ಮಿಲೀ ಸಾಕು, ಅಲ್ಲಿಗೆ ಸುಮಾರು 100 ಲೀಟರ್. ಒಂದು ಸಿಹಿ, ಒಂದು ಹುಳಿ, ಒಂದು ಸಕ್ಕರೆ ಇಲ್ಲದ್ದು, ಮೂರು ಬಗೆ ಸಾಕು. ನೀರು ತಲೆಗೆ ಅರ್ಧ ಲೀಟರ್‌ನಂತೆ 150 ಲೀಟರ್, ಸೆಕೆಯಿದ್ದರೆ 225. ವೈನ್ ಇಡೋದಾದರೆ 750 ಮಿಲೀ ಬಾಟಲಿಗೆ 5 ಲೋಟ ಬರುತ್ತೆ, ಅಷ್ಟರಮಟ್ಟಿಗೆ ಬೇರೆಯದು ಇಳಿಸಿ.

1 ಕೆಜಿ ಐಸ್ ಕರಗುವಾಗ ಸುಮಾರು 4 ಲೀಟರ್ ಪಾನೀಯವನ್ನು 25ರಿಂದ 5 ಡಿಗ್ರಿಗೆ ಇಳಿಸಬಲ್ಲದು. ಪಾನೀಯ 100, ನೀರು 150 ಸೇರಿ 250 ಲೀಟರ್ ತಣಿಸಲು 62 ಕೆಜಿ. ಪಾನೀಯದ ಆ 675 ಲೋಟಗಳಿಗೆ ಹಾಕಲು ತಲಾ 80 ಗ್ರಾಂ ಅಂದರೆ 54 ಕೆಜಿ. ಕರಗಿ ಪೋಲಾಗೋದನ್ನೂ ಸೇರಿಸಿ 150 ಕೆಜಿ ತರಿಸಿ. ಬಾಟಲಿ ತಣಿಸಿದ ಐಸ್ ಯಾವ ಕಾರಣಕ್ಕೂ ಲೋಟಕ್ಕೆ ಹೋಗಬಾರದು. ಎರಡಕ್ಕೂ ಬೇರೆ ಪೆಟ್ಟಿಗೆ, ಲೋಟದ ಐಸ್‌ಗೆ ಇಕ್ಕಳ. ಬಾಟಲಿಗಳ ಟಬ್‌ಗೆ ಐಸ್ ಜೊತೆ ನೀರೂ ಸುರಿಯಿರಿ, ಬರೀ ಗಡ್ಡೆಗಳ ನಡುವೆ ಗಾಳಿ ಇರುವುದರಿಂದ ತಣಿಯೋದು ನಿಧಾನ.

ಕೊಪ್ಪರಿಗೆ:
ಅನ್ನದ ಬಗ್ಗೆ ಹೇಳೋದು ಮರೆತಿದ್ದೆ. ಎರಡು ಕಂತಿನಲ್ಲಿ ಬೇಯಿಸಲಿ, ಎರಡನೆಯದು 8:30ಕ್ಕೆ. ಹಳೆಯದರ ಮೇಲೆ ಹೊಸದನ್ನು ಸುರಿಯಬಾರದು, ಪಾತ್ರೆಯನ್ನೇ ಬದಲಿಸಬೇಕು. ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ, ಬೆಂದರೂ ಸಾಯದ ಬೀಜಾಣುಗಳು ಉಗುರುಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಡ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಕಡಲೆಕಾಯಿ, ಗೋಡಂಬಿ, ಹಾಲು, ಗೋಧಿ ಯಾವುದರಲ್ಲಿದೆ ಅಂತ ಪ್ರತಿ ಪಾತ್ರೆ ಮುಂದೆ ಚೀಟಿ ಇಡಿಸಿ. ಸೌಟು ಅದಲುಬದಲಾದರೆ ಆ ಚೀಟಿಗೂ ಅರ್ಥವಿಲ್ಲ, ಪ್ರತಿಯೊಂದಕ್ಕೂ ಬೇರೆ ಸೌಟು.