ಅಪ್‌ಡೇಟ್: ಅಲೋಶಿಯಸ್ ಚಾಪೆಲ್ ನೋಡುವ ಕ್ರಮ

ಅರ್ಧ ದಿನದಲ್ಲಿ ಮಂಗಳೂರಿನ ಯಾವ ಹಳೇ ಚರ್ಚ್ ನೋಡಬಹುದು ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಒಂದೇ ಅಂತಾದರೆ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್, ಅನುಮಾನವೇ ಬೇಡ.

ಕಟ್ಟಡ 1880ರ ದಶಕದ್ದು. ಒಳಗಿನ ಚಿತ್ರಗಳನ್ನು 1899ರಿಂದ ಸುಮಾರು ಎರಡು ವರ್ಷ ಕೂತು ಬರೆದವರು ಇಟಲಿಯ ಜೆಸ್ವಿಟ್ (ಯೇಸುಸಭೆ ಎಂಬ ಕ್ಯಾಥೋಲಿಕ್ ಸಂಘದ) ಬ್ರದರ್ ಆಂಟೋನಿಯೋ ಮೊಸ್ಕೇನಿ. ಗೋಡೆಯವು ಫ್ರೆಸ್ಕೋ. ಅಂದರೆ ಸುಣ್ಣದ ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಗಟ್ಟಿಯಾಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಹಾಗಾಗಿ ಆ ದಿನ ಬರೆದು ಮುಗಿಸಬಹುದಾದಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿಯುವುದು. ಚಾವಣಿಯಲ್ಲಿರುವುದು ಕ್ಯಾನ್ವಾಸ್ ಮೇಲಿನ ತೈಲಚಿತ್ರಗಳು, ನಡುಸಾಲಿನಲ್ಲಿ ಸಂತ ಅಲೋಶಿಯಸರ ಜೀವನ. ಎಣ್ಣೆಬಣ್ಣ ಬೆಳಕಿಗೆ ಹೊಳೆಯುತ್ತದೆ. ಚಿತ್ರ ಬಿಳಿಚಿದಂತೆ ಕಂಡರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ.

ಗೋಡೆಗೆ ದಯವಿಟ್ಟು ಕೈ ತಾಗಿಸಬೇಡಿ. ನಮ್ಮ ಮಳೆಗಾಲದ ತೇವ ಗಾರೆಗಿಳಿದರೆ, ಒಣಗುವಾಗ ಉಪ್ಪು ಮೇಲೆ ಬಂದು ಬಣ್ಣದ ಪದರ ಏಳುತ್ತದೆ. ಅಂಥ ಜಾಗ ಬೆರಳು ತಾಗಿದರೂ ಉದುರೀತು. 1990ರ ದಶಕದಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನವರು ಈ ಚಿತ್ರಗಳನ್ನು ಸಂರಕ್ಷಿಸಿದ್ದಾರೆ.

ಒಳಗೆ ಫೋಟೋ ತೆಗೆಯುವಂತಿಲ್ಲ. ಪೂಜೆ, ಮದುವೆ ಇದ್ದಾಗ ಸುತ್ತಾಡುವುದು ಸರಿಯಲ್ಲ, ಮೊದಲೇ ವಿಚಾರಿಸಿ ಹೋಗಿ. ಸಣ್ಣ ಬೈನಾಕ್ಯುಲರ್ ಇದ್ದರೆ ಬಹಳ ಉಪಯೋಗ.

ಸಮಯ ಉಳಿದರೆ ಕೆಳಗೆ ಹಂಪನಕಟ್ಟೆಯಲ್ಲಿ ಮಿಲಾಗ್ರಿಸ್ ಚರ್ಚ್ ನೋಡಿ. ಚರ್ಚ್ ಸ್ಥಾಪನೆ 1680ರದ್ದಾದರೂ ಈಗಿನ ಕಟ್ಟಡ ಅಷ್ಟು ಹಳತಲ್ಲ.