ಮಂಗಳೂರಿಂದ ಕೊಚ್ಚಿವರೆಗೆ ಒಬ್ಬಳೇ: ಆರು ದಿನ, ಎಂಟು ಸಾವಿರ, ಆಗುತ್ತಾ?

ಕೇಳಿದ್ದು

ನವೆಂಬರ್‌ನಲ್ಲಿ ಆರು ದಿನ ರಜೆ ಸಿಕ್ಕಿದೆ. ಪೋರ್ಚುಗೀಸರು, ಡಚ್ಚರು, ಫ್ರೆಂಚರು, ಇಂಗ್ಲಿಷರು ಇದ್ದು ಹೋದ ಊರುಗಳನ್ನು ನೋಡಬೇಕು ಅಂತ ತುಂಬಾ ದಿನದ ಆಸೆ. ದಿನಕ್ಕೊಂದು ಊರಿನಂತೆ ಬೇಕಲ, ಕಣ್ಣೂರು, ತಲಶ್ಶೇರಿ, ಮಾಹೆ, ಕಲ್ಲಿಕೋಟೆ, ಫೋರ್ಟ್ ಕೊಚ್ಚಿ ಅಂತ ಬರೆದುಕೊಂಡಿದ್ದೇನೆ. ಮಂಗಳೂರಿಂದ ರೈಲು. ಒಬ್ಬಳೇ ಹೋಗುತ್ತಿರುವುದು ಇದೇ ಮೊದಲು. ಕೈಯಲ್ಲಿರುವುದು ಎಂಟು ಸಾವಿರ. ಮಲಯಾಳಂ ಒಂದಕ್ಷರ ಬರುವುದಿಲ್ಲ. ಹೋಗಿ ಬಂದವರು ಹೇಳಿ.

ಪುತ್ತೂರಿನಿಂದ ಒಬ್ಬರು

ದುಡ್ಡು ಸಾಕು. ಪ್ಲಾನ್ ಮಾತ್ರ ಬೇಡ.

ಆರು ದಿನಕ್ಕೆ ಆರು ಊರು ಅಂದರೆ ದಿನಾ ಬ್ಯಾಗು ತುಂಬುವುದು, ದಿನಾ ರೂಮು ಹುಡುಕುವುದು. ಈ ದಾರಿಯಲ್ಲಿ ರೈಲಿಗೆ ಖರ್ಚೇ ಇಲ್ಲ. ಮಂಗಳೂರು–ಕಣ್ಣೂರು ಸುಮಾರು 130 ಕಿ.ಮೀ., ಜನರಲ್ ಟಿಕೆಟ್ ನೂರು ರೂಪಾಯಿ ಒಳಗೇ. ದುಡ್ಡು ಹೋಗುವುದು ರೂಮಿಗೆ. ಒಬ್ಬರಿಗೂ ಡಬಲ್ ರೂಮಿನ ರೇಟೇ ಹೇಳುತ್ತಾರೆ. ಹಾಗಾಗಿ ಎರಡೇ ಕಡೆ ಮಲಗಿ: ಎರಡು ರಾತ್ರಿ ಕಣ್ಣೂರು, ಮೂರು ರಾತ್ರಿ ಫೋರ್ಟ್ ಕೊಚ್ಚಿ. ಉಳಿದ ಊರುಗಳನ್ನು ಕೈಬೀಸಿಕೊಂಡು ಹೋಗಿ ನೋಡಿ ಬನ್ನಿ. ತಲಶ್ಶೇರಿ ಕಣ್ಣೂರಿಂದ ಅರ್ಧ ಗಂಟೆ, ಮಾಹೆ ಅಲ್ಲಿಂದ ಇನ್ನೊಂದು ಹತ್ತು ಕಿ.ಮೀ. ಕಲ್ಲಿಕೋಟೆಯನ್ನು ಈ ಸಲ ಬಿಟ್ಟುಬಿಡಿ. ವಾಸ್ಕೋ ಡ ಗಾಮ 1498ರಲ್ಲಿ ಇಳಿದ ಕಾಪ್ಪಾಡ್‌ನಲ್ಲಿ ಕಡಲು ಚೆನ್ನಾಗಿದೆ, ಆದರೆ ಅವನ ಗುರುತಿಗೆ ಒಂದು ಕಂಬ ಬಿಟ್ಟರೆ ನೋಡಲು ಜಾಸ್ತಿ ಏನಿಲ್ಲ.

ನನ್ನ ಲೆಕ್ಕ: ಕಣ್ಣೂರಲ್ಲಿ ಹೋಂಸ್ಟೇ 900ರಂತೆ ಎರಡು ರಾತ್ರಿ, ಕೊಚ್ಚಿಯಲ್ಲಿ ಹಾಸ್ಟೆಲ್ ಬೆಡ್ 600ರಂತೆ ಮೂರು ರಾತ್ರಿ, ಒಟ್ಟು 3,600. ಊಟ ತಿಂಡಿ ದಿನಕ್ಕೆ 350, ಅಂದರೆ 2,100. ಹೋಗಿಬರುವ ರೈಲು 700. ಬಸ್ಸು, ಬೋಟು, ಆಟೋ, ಟಿಕೆಟ್ಟು 800. ಎಲ್ಲಾ ಸೇರಿ 7,200. ಮಿಕ್ಕಿದ್ದನ್ನು ಮುಟ್ಟಬೇಡಿ.

ಕಣ್ಣೂರಿನ ಸೇಂಟ್ ಏಂಜಲೋ ಕೋಟೆಗೆ ಮಾತ್ರ ಅರ್ಧ ದಿನ ಇಡಿ. ನೀವು ನೋಡಬೇಕೆಂದಿರುವ ನಾಲ್ಕರಲ್ಲಿ ಮೂರು ಜನ ಅಲ್ಲೇ ಸಿಗುತ್ತಾರೆ. 1505ರಲ್ಲಿ ಪೋರ್ಚುಗೀಸರು ಕಟ್ಟಿದರು, 1663ರಲ್ಲಿ ಡಚ್ಚರು ಕಿತ್ತುಕೊಂಡರು, 1772ರಲ್ಲಿ ಕಣ್ಣೂರಿನ ಅರಕ್ಕಲ್ ಅರಸರಿಗೆ ಮಾರಿದರು, 1790ರಲ್ಲಿ ಇಂಗ್ಲಿಷರ ಪಾಲಾಯಿತು. ಕಲ್ಲು ನಮ್ಮ ಕಡೆಯ ಅದೇ ಕೆಂಪು ಮುರಕಲ್ಲು. ಮಳೆಗಾಲ ಮುಗಿದ ಮೇಲೂ ಸಂದಿಗಳಲ್ಲಿ ಹಸಿರು ಪಾಚಿ ಇರುತ್ತದೆ, ಸವೆದ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಡಚ್ ಕಮಾಂಡರ್ ಒಬ್ಬನ ಹೆಂಡತಿ ಸುಸಾನಾ ಮತ್ತು ಇಬ್ಬರು ಮಕ್ಕಳ ಸಮಾಧಿ ಕಲ್ಲೊಂದಿದೆ. ಸಾಯುವಾಗ ಅವಳಿಗೆ 17 ವರ್ಷ. ನಾನು ಕೋಟೆ ನೋಡಲು ಹೋದವನು ಆ ಕಲ್ಲಿನ ಮುಂದೆಯೇ ಸುಮಾರು ಹೊತ್ತು ಕೂತಿದ್ದೆ.

ಬೆಂಗಳೂರಿನಿಂದ ಒಬ್ಬರು

ನಾನೂ ಹೆಂಗಸು, ಹೋಗಿದ್ದೂ ಒಬ್ಬಳೇ. ಹಾಗಾಗಿ ಮೇಲಿನವರು ಹೇಳದೆ ಬಿಟ್ಟಿದ್ದನ್ನು ಹೇಳುತ್ತೇನೆ.

ಮೊದಲ ರಾತ್ರಿಯ ರೂಮು ಮಾತ್ರ ಮುಂಚೆಯೇ ಬುಕ್ ಮಾಡಿ, ಆಮೇಲೆ ಫೋನ್ ಮಾಡಿ "ನಾನೊಬ್ಬಳೇ ಬರುವುದು" ಅಂತ ಬಾಯಿಬಿಟ್ಟು ಹೇಳಿ. ನಾನು ಹೇಳಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಒಂದು ಲಾಡ್ಜಿಗೆ ಹೋದರೆ ಕೌಂಟರಿನವನು ನನ್ನ ಹಿಂದೆ ಬಾಗಿಲ ಕಡೆ ನೋಡಿದ. "ಜೊತೆಗೆ ಯಾರು?" ಯಾರೂ ಇಲ್ಲ ಅಂದೆ. ರಿಜಿಸ್ಟರ್ ಮುಚ್ಚಿಟ್ಟು ರೂಮಿಲ್ಲ ಅಂದ. ಗೋಡೆಗೆ ಹತ್ತು ಕೀ ನೇತಾಡುತ್ತಿದ್ದವು! ಕೊನೆಗೆ ಆಟೋದವರೇ ಒಂದು ಮನೆಗೆ ಕರೆದುಕೊಂಡು ಹೋದರು. ಅಜ್ಜಿ ಒಬ್ಬರು ಗಂಜಿ ಕೊಟ್ಟು ಮಲಗಿಸಿದರು. ಅದು ಅದೃಷ್ಟ, ಪ್ಲಾನ್ ಅಲ್ಲ. ಹೊಸ ಊರಿಗೆ ಹಗಲಲ್ಲೇ ಇಳಿಯಿರಿ. ಮಂಗಳೂರು ಸೆಂಟ್ರಲ್‌ನಿಂದ ಬೆಳಗಿನ ಜಾವ ಪರಶುರಾಮ್ ಎಕ್ಸ್‌ಪ್ರೆಸ್ ಇದೆ, ತಿಂಡಿ ಹೊತ್ತಿಗೆ ಕಣ್ಣೂರು.

ಎರ್ನಾಕುಲಂನಲ್ಲಿ (ಕೊಚ್ಚಿಗೆ ಹೋಗುವವರು ರೈಲು ಇಳಿಯುವುದು ಅಲ್ಲೇ) ಕೊಚ್ಚಿ ನಗರಪಾಲಿಕೆಯ ಶೀ ಲಾಡ್ಜ್ ಇದೆ, ಹೆಂಗಸರಿಗೆ ಮಾತ್ರ. ಹಾಸ್ಟೆಲ್‌ಗಿಂತ ಎಷ್ಟೋ ಅಗ್ಗ. ಪಕ್ಕದಲ್ಲೇ ಕುಟುಂಬಶ್ರೀ (ಕೇರಳ ಸರ್ಕಾರದ ಸ್ತ್ರೀ ಸ್ವಸಹಾಯ ಯೋಜನೆ) ಹೆಂಗಸರು ನಡೆಸುವ ಸಮೃದ್ಧಿ ಹೋಟೆಲಿನಲ್ಲಿ ಊಟ. ನಾನು ಒಂದು ರಾತ್ರಿ ಅಲ್ಲಿದ್ದು ಆಮೇಲೆ ಫೋರ್ಟ್ ಕೊಚ್ಚಿಗೆ ಹೋದೆ.

ಭಾಷೆ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಕಾಸರಗೋಡು ದಾಟುವವರೆಗೆ ಕನ್ನಡವೇ ನಡೆಯುತ್ತದೆ. ಆಮೇಲೆ "ಚೇಟ್ಟಾ" (ಅಣ್ಣಾ), "ಚೇಚಿ" (ಅಕ್ಕಾ) ಅಂತ ಶುರುಮಾಡಿದರೆ ಅರ್ಧ ಕೆಲಸ ಆದ ಹಾಗೆ.

ಕುಂದಾಪುರದಿಂದ ಒಬ್ಬರು

ಮಾಹೆಗೆ ಬೆಳಗ್ಗೆ ಹೋಗಿ, ಮಧ್ಯಾಹ್ನ ಹೊರಡಿ. ಊರೇ ಇರುವುದು ಒಂಬತ್ತು ಚದರ ಕಿ.ಮೀ. 1954ರವರೆಗೆ ಫ್ರೆಂಚರ ಕೈಯಲ್ಲಿತ್ತು, ಈಗ ಪುದುಚೇರಿಗೆ ಸೇರಿದೆ. ಎಣ್ಣೆ ಅಗ್ಗ. (ಎರಡೂ ಥರದ್ದು, ಪೆಟ್ರೋಲ್ ಬಂಕಿನ ಕ್ಯೂ ನೋಡಿ ಗೊತ್ತಾಯಿತು.) ಅದಕ್ಕೇ ಸಂಜೆ ಬಸ್ ಸ್ಟಾಪಿನ ಸುತ್ತಮುತ್ತ ಒಬ್ಬರೇ ನಿಲ್ಲಲು ಅಷ್ಟು ಹಿತ ಅನಿಸುವುದಿಲ್ಲ. ಹೊಳೆ ದಂಡೆಯ ಪಾರ್ಕು, ಸೇಂಟ್ ತೆರೇಸಾ ಚರ್ಚು, ಎರಡು ಗಂಟೆ ಸಾಕು. ಅಕ್ಟೋಬರ್ 5ರಿಂದ 22ರವರೆಗೆ ಚರ್ಚಿನ ಹಬ್ಬ, ಆಗ ಕಾಲಿಡಲು ಜಾಗ ಇರಲ್ಲ. ನೀವು ನವೆಂಬರ್, ಬಚಾವ್. ಇನ್ನೊಂದು: ಮಾಹೆ ರೈಲ್ವೇ ಸ್ಟೇಷನ್ ಮಾಹೆಯಲ್ಲಿಲ್ಲ! ಕೇರಳದ ಅಳಿಯೂರಿನಲ್ಲಿದೆ.

ಮಂಗಳೂರಿನಿಂದ ಒಬ್ಬರು (ನಿವೃತ್ತ ಮೇಷ್ಟ್ರು)

ಬೇಕಲ ನಿಮ್ಮ ಪಟ್ಟಿಯಲ್ಲಿರುವುದು ನೋಡಿ ನಗು ಬಂತು. ಅದು ಯುರೋಪಿನವರು ಕಟ್ಟಿದ್ದಲ್ಲ ಮಾರಾಯ್ರೆ, ನಮ್ಮ ಕೆಳದಿಯ ಶಿವಪ್ಪ ನಾಯಕನ ಕೋಟೆ. ಆಮೇಲೆ ಹೈದರ್, ಟಿಪ್ಪು, 1799ರ ನಂತರ ಇಂಗ್ಲಿಷರು. 1956ರವರೆಗೆ ಆ ಊರೂ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ನೋಡಬೇಕಾದ್ದೇ, ಆದರೆ ಮಂಗಳೂರಿಂದ ಇನ್ನೊಂದು ಭಾನುವಾರ ಹೋಗಿ ಬನ್ನಿ.

ಬದಲಿಗೆ ತಲಶ್ಶೇರಿಗೆ ಹೊತ್ತು ಕೊಡಿ. 1708ರ ಇಂಗ್ಲಿಷರ ಕೋಟೆ ಚಿಕ್ಕದು, ಅರ್ಧ ಗಂಟೆಯದ್ದು. ಇಲ್ಲಿಕ್ಕುನ್ನ್‌ನಲ್ಲಿ ಹರ್ಮನ್ ಗುಂಡರ್ಟ್ ಇದ್ದ ಬಂಗಲೆ ಇದೆ, ಅದನ್ನು ತಪ್ಪಿಸಬೇಡಿ. ಬಾಸೆಲ್ ಮಿಷನ್ನಿನ ಪಾದ್ರಿ, ಮಲಯಾಳಂ ನಿಘಂಟು ಮಾಡಿದವನು. ಅದೇ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಮಂಗಳೂರಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತೆಗೆದ. ನಾಲ್ಕು ವರ್ಷಕ್ಕೆ ಗುಂಡರ್ಟ್ ತಲಶ್ಶೇರಿಯಿಂದ ಮಲಯಾಳಂನ 'ರಾಜ್ಯಸಮಾಚಾರಂ' ಹೊರಡಿಸಿದ. ಹೆಸರು ನೋಡಿ, ಅಣ್ಣತಮ್ಮಂದಿರ ಹಾಗಿಲ್ವಾ? ಮೊಗ್ಲಿಂಗನ ಊರಿಂದ ರೈಲು ಹತ್ತುವ ನೀವು ಗುಂಡರ್ಟನ ಮನೆ ನೋಡದೆ ಬಂದರೆ ನಾನು ಒಪ್ಪುವುದಿಲ್ಲ.

ಶಿವಮೊಗ್ಗದಿಂದ ಒಬ್ಬರು

ಕೊಚ್ಚಿಯಲ್ಲಿ ವಾರ ನೋಡಿಕೊಂಡು ಹೋಗಿ. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ಪಕ್ಕದ ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್ (1568ರದ್ದು) ಶುಕ್ರವಾರ ಮಧ್ಯಾಹ್ನದಿಂದ ಮುಚ್ಚುತ್ತದೆ, ಶನಿವಾರವೂ ಇಲ್ಲ. ನಾನು ಶುಕ್ರವಾರ ಸಂಜೆ ಹೋಗಿ ಎರಡರ ಬಾಗಿಲನ್ನೂ ನೋಡಿ ಬಂದೆ, ಚೆನ್ನಾಗಿವೆ.

ಎರ್ನಾಕುಲಂ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ಸರ್ಕಾರಿ ಬೋಟು ಹತ್ತು ರೂಪಾಯಿ ಒಳಗೆ. ಇಳಿದ ಮೇಲೆ ಎಲ್ಲ ನಡಿಗೆಯೇ. ಆಟೋದವರು ಐವತ್ತು ರೂಪಾಯಿಗೆ ಊರೆಲ್ಲ ತೋರಿಸುತ್ತೇನೆ ಅಂದರೆ ಮಸಾಲೆ ಅಂಗಡಿಗೆ ಕರೆದೊಯ್ಯುತ್ತಾರೆ ಅಂತ ತಿಳಿಯಿರಿ. ಕೋಟೆ ಎಲ್ಲಿ ಅಂತ ಕೇಳಬೇಡಿ, ನಾನು ಕೇಳಿ ನಗೆಪಾಟಲಾದೆ. ಇಂಗ್ಲಿಷರು 1806ರಲ್ಲೇ ಒಡೆಸಿದ್ದಾರೆ, ಕಡಲ ಬದಿಯಲ್ಲಿ ಚೂರುಪಾರು ಉಳಿದಿದೆ ಅಷ್ಟೇ.

ಸೇಂಟ್ ಫ್ರಾನ್ಸಿಸ್ ಚರ್ಚಿಗೆ ಬೆಳಗ್ಗೆ ಬೇಗ ಹೋಗಿ. 1524ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂತಿದ್ದು ಇಲ್ಲಿ, ಆಮೇಲೆ ಮೂಳೆಗಳನ್ನು ಪೋರ್ಚುಗಲ್‌ಗೆ ಒಯ್ದರು. ಎಲ್ಲರೂ ಆ ಖಾಲಿ ಗೋರಿಯ ಫೋಟೋ ತೆಗೆಯುತ್ತಾರೆ. ನೀವು ತಲೆಯೆತ್ತಿ ನೋಡಿ. ಬೆಂಚುಗಳ ಮೇಲೆ ಉದ್ದುದ್ದ ಬಟ್ಟೆಯ ಪಂಖಗಳು ನೇತಾಡುತ್ತಿವೆ. ಹಗ್ಗ ಹೊರಗೆ ಹೋಗುತ್ತದೆ. ಒಳಗೆ ಕೂತವರಿಗೆ ಗಾಳಿ, ಹೊರಗೆ ಬಿಸಿಲಲ್ಲಿ ಕೂತು ಎಳೆಯುತ್ತಿದ್ದವನು ನಮ್ಮವನು.

ಕೇಳಿದವರು ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಬೇಕಲ, ಕಲ್ಲಿಕೋಟೆ ಕೈಬಿಟ್ಟೆ. ಭಾನುವಾರ ಹೊರಟರೆ ಮಂಗಳವಾರ ಕೊಚ್ಚಿ, ಬುಧವಾರವೇ ಅರಮನೆ, ಸಿನಗಾಗ್. ಮೇಷ್ಟ್ರೇ, ಗುಂಡರ್ಟ್ ಮನೆಗೆ ಖಂಡಿತ ಹೋಗುತ್ತೇನೆ. ಶುಕ್ರವಾರ ರಾತ್ರಿ ರೈಲಿಗೆ ವಾಪಸ್. ಅಲ್ಲಿವರೆಗೆ ಬ್ಯಾಗು ಎಲ್ಲಿಡಲಿ?

ಪುತ್ತೂರಿನವರು

ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ. ಟಿಕೆಟ್ ತೋರಿಸಬೇಕು, ಬ್ಯಾಗಿಗೆ ಬೀಗ ಇರಲೇಬೇಕು. ನಾನು ಬೀಗವಿಲ್ಲದೆ ಹೋಗಿ, ಹೊರಗಿನ ಅಂಗಡಿಯಲ್ಲಿ ಎಂಬತ್ತು ರೂಪಾಯಿಗೆ ತಗಡಿನಂಥ ಬೀಗ ಕೊಂಡೆ. ಮನೆಯಿಂದಲೇ ಒಂದು ಒಯ್ಯಿರಿ.

ಮತ್ತೆ, ಮಂಗಳೂರಿನ ರಾತ್ರಿ ರೈಲುಗಳು ಎರ್ನಾಕುಲಂಗೆ ನಡುರಾತ್ರಿ ಆಸುಪಾಸಿಗೆ ಬರುತ್ತವೆ. ಹೊರಡುವ ಹೊತ್ತು 12 ದಾಟಿದ್ದರೆ ಟಿಕೆಟ್ ಶನಿವಾರದ ತಾರೀಕಿಗೆ ಮಾಡಿಸಬೇಕು. ನಾನು ಒಮ್ಮೆ ಹಿಂದಿನ ದಿನದ್ದು ಹಿಡಿದುಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ನನ್ನ ರೈಲು ಹೋಗಿ ಆಗಲೇ ಒಂದು ದಿನ ಆಗಿತ್ತು.