ಮೂರನೇ, ಐದನೇ ಕ್ಲಾಸಿನ ಮಕ್ಕಳಿಗೆ ಮನೆಯಲ್ಲೇ ಪರಿಸರ ವ್ಯವಸ್ಥೆ ತೋರಿಸೋದು ಹೇಗೆ?

ವಿಜಯನಗರ_ಅಮ್ಮ:
ಉತ್ಪಾದಕ, ಭಕ್ಷಕ, ವಿಘಟಕ ಅಂತ ಮಕ್ಕಳು ಉರು ಹೊಡೆದು ಒಪ್ಪಿಸ್ತಾರೆ. ಹುಲ್ಲು, ಜಿಂಕೆ, ಹುಲಿ ಚಿತ್ರಾನೂ ಬರೀತಾರೆ. ಕಣ್ಣಾರೆ ಕಂಡಿದ್ದು ಮಾತ್ರ ಏನೂ ಇಲ್ಲ. ಮೂರನೇ ಮಹಡಿ ಫ್ಲ್ಯಾಟು, ಪೂರ್ವದ ಬಾಲ್ಕನಿ, ಬೆಳಿಗ್ಗೆ ಹೊತ್ತು ಮೂರು ಗಂಟೆ ಕಾಲ ಬಿಸಿಲು ಬೀಳುತ್ತೆ. ವಿಡಿಯೋಗಳಲ್ಲಿ ಬರುವ ಮುಚ್ಚಿದ ಗಾಜಿನ ಭರಣಿಯ ತೋಟ ನಿಜವಾಗಿ ಉಳಿಯುತ್ತಾ? ಅಳತೆ ಸಮೇತ ಹೇಳಿ. ಅದಕ್ಕಿಂತ ಒಳ್ಳೇದಿದ್ದರೆ ಅದನ್ನೂ ತಿಳಿಸಿ.

ಮಣ್ಣುಮಸಿ:
ಉಳಿಯುತ್ತೆ ಮೇಡಂ. ಆದರೆ ಅದರಲ್ಲಿ ಕಾಣೋದು ನೀರಿನ ಚಕ್ರ, ಆಹಾರ ಸರಪಳಿ ಅಲ್ಲ.

ಐದು ಲೀಟರ್ ಭರಣಿಗೆ ತಳದಲ್ಲಿ 3 ಸೆಂ.ಮೀ. ಸಣ್ಣ ಜಲ್ಲಿ, ಮೇಲೆ ತೆಳುವಾಗಿ ಪುಡಿ ಮಾಡಿದ ಇದ್ದಿಲು, ಆಮೇಲೆ 6–7 ಸೆಂ.ಮೀ. ಮಣ್ಣು (ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಜರಡಿ ಹಿಡಿದ ಎಲೆಗೊಬ್ಬರ). ಮಳೆಗಾಲದಲ್ಲಿ ಕಾಂಪೌಂಡ್ ಗೋಡೆ ಮೇಲೆ ಬರುವ ಪಾಚಿ, ಪುಟ್ಟ ಜರೀಗಿಡ ಸಾಕು. ತುಳಸಿ, ಕಳ್ಳಿ ಜಾತಿಯವು ಬೇಡ, ಕೊಳೆತುಹೋಗ್ತವೆ. ಮಣ್ಣು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು.

ಬೆಳಿಗ್ಗೆ ಗಾಜಿನ ಮೇಲೆ ಮಂಜು ಕಟ್ಟಿ ಮಧ್ಯಾಹ್ನಕ್ಕೆ ಆರಿದರೆ ಹದ ಸರಿಯಾಗಿದೆ ಅಂತ ಅರ್ಥ. ದಿನವಿಡೀ ಹನಿ ಇಳೀತಿದ್ದರೆ ಮುಚ್ಚಳ ಎರಡು ಮೂರು ಗಂಟೆ ತೆಗೆದಿಡಿ. ಬಿಳಿ ಬೂಷ್ಟು ಬರೋಕೆ ಹೆಚ್ಚಾಗಿ ನೀರು ಜಾಸ್ತಿಯಾಗಿರೋದು, ಒಣಗಿದ ಎಲೆ ಒಳಗೇ ಉಳಿದಿರೋದು ಕಾರಣ. ನಿಮ್ಮ ಬಾಲ್ಕನಿಯ ನೇರ ಬಿಸಿಲಿಗೆ ಭರಣಿ ಇಡಲೇಬೇಡಿ, ಗಿಡ ಬೆಂದುಹೋಗುತ್ತೆ. ಮೀನು, ಹುಳ ಹಾಕಿ ಮುಚ್ಚೋದೂ ಬೇಡ.

ಚಿಟ್ಟೆಗಿಡ:
ಭರಣಿ ಆಮೇಲೆ ನೋಡಿ. ಮೊದಲು ಹನ್ನೆರಡು ಇಂಚಿನ ಕುಂಡದಲ್ಲಿ ಒಂದು ಕರಿಬೇವು ಇಡಿ, ನಿಂಬೆಯಾದರೂ ಸರಿ. ನಮ್ಮ ಬೆಂಗಳೂರಿನಲ್ಲಿ ಕಾಮನ್ ಮಾರ್ಮನ್ ಅನ್ನೋ ಚಿಟ್ಟೆ, ನಿಂಬೆ ಚಿಟ್ಟೆ ಎರಡೂ ಇವುಗಳ ಮೇಲೇ ಮೊಟ್ಟೆ ಇಡ್ತವೆ. ಮೊಟ್ಟೆ ಸುಮಾರು ಒಂದು ಮಿ.ಮೀ., ತಿಳಿ ಹಳದಿ, ಚಿಗುರೆಲೆ ಮೇಲೆ ಒಂಟಿಯಾಗಿರುತ್ತೆ. ಚಿಗುರಿಲ್ಲದಿದ್ದರೆ ತುದಿ ಚಿವುಟಿ, ಎರಡು ಮೂರು ವಾರದಲ್ಲಿ ಹೊಸದು ಬರುತ್ತೆ.

ಮರಿಹುಳ ಮೊದಮೊದಲು ಹಕ್ಕಿ ಹಿಕ್ಕೆ ಥರ ಕಾಣುತ್ತೆ, ಕೊನೆಯ ಹಂತದಲ್ಲಿ ಹಸಿರು. ಮುಟ್ಟಿದರೆ ತಲೆ ಹಿಂದಿನಿಂದ ಕವಲು ಕೊಂಬು ಹೊರಹಾಕಿ ಕಮಟು ವಾಸನೆ ಬಿಡುತ್ತೆ. ಇದನ್ನು ಮಕ್ಕಳು ಜನ್ಮದಲ್ಲಿ ಮರೆಯೋಲ್ಲ! ಎರಡು ಅಡಿ ಗಿಡ ಮೂರು ಹುಳಕ್ಕಿಂತ ಹೆಚ್ಚು ತಡೆಯೋಲ್ಲ, ಹಾಗಾಗಿ ಒಗ್ಗರಣೆಗೆ ಬೇರೆ ಗಿಡ ಇಟ್ಟುಕೊಳ್ಳಿ.

ಎರಡು ಕಡೆ ಕೆಡುತ್ತೆ. ನರ್ಸರಿಯಿಂದ ತಂದ ಗಿಡಕ್ಕೆ ಔಷಧಿ ಹೊಡೆದಿದ್ದರೆ ಹುಳ ಸಾಯ್ತವೆ. ಹಳೇ ಎಲೆ ಉದುರಿ ಹೊಸ ಚಿಗುರು ಬರೋವರೆಗೆ ಕಾಯಿರಿ, ಬೇವಿನೆಣ್ಣೆಯನ್ನೂ ಹಾಕಬೇಡಿ. ಇನ್ನೊಂದು, ಕೋಶ ಕಟ್ಟೋ ಹೊತ್ತಿಗೆ ಹುಳ ಗಿಡ ಬಿಟ್ಟು ಹೊರಟುಬಿಡುತ್ತೆ. ಕುಂಡದಲ್ಲಿ ಒಂದೆರಡು ಕಡ್ಡಿ ನೆಟ್ಟಿರಿ.

ಕೋಶದಿಂದ ಒಮ್ಮೊಮ್ಮೆ ಚಿಟ್ಟೆ ಬದಲು ಸಣ್ಣ ಕಣಜಗಳು ಬರ್ತವೆ. ಪರಾವಲಂಬಿ ಕಣಜ ಒಳಗೆ ಮೊಟ್ಟೆ ಇಟ್ಟಿರುತ್ತೆ. ಮಕ್ಕಳು ಬೇಜಾರು ಮಾಡ್ಕೋತಾರೆ, ಆದರೂ ಮುಚ್ಚಿಡಬೇಡಿ. ಹುಲಿ ಚಿತ್ರಕ್ಕಿಂತ ಅದೇ ಒಳ್ಳೇ ಪಾಠ.

ಮಣ್ಣುಮಸಿ:
ಇದಕ್ಕೆ ವಿಘಟಕ, ಅಂದ್ರೆ ಕೊಳೆಸೋ ಜೀವಿಗಳನ್ನೂ ಸೇರಿಸಬಹುದು. ಹಳೇ ಕುಂಡದಲ್ಲಿ 15 ಸೆಂ.ಮೀ. ಆಳಕ್ಕೆ ಬಾಳೆಸಿಪ್ಪೆ, ಹೊಂಗೆಯ ಒಣಗಿದೆಲೆ, ಪೇಪರ್ ತುಂಡು, ಹತ್ತಿಬಟ್ಟೆ, ಬಿಸ್ಕತ್ ಪ್ಯಾಕೆಟ್ ಹೂಳಿ, ಜಾಗಕ್ಕೆ ಕಡ್ಡಿ ಗುರುತಿಡಿ. ಎರಡು, ನಾಲ್ಕು, ಎಂಟು ವಾರಕ್ಕೆ ಅಗೆದು ನೋಡಿ. ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ್ದರೆ ಕೊಳೆಯೋದು ನಿಧಾನ, ಮರದ ಬುಡದ ಮಣ್ಣು ಒಂದು ಬೊಗಸೆ ಬೆರೆಸಿ. ಒಣಗಲು ಬಿಟ್ಟರೂ ಕೊಳೆಯೋಲ್ಲ.

ಇನ್ನೊಂದು ಮಾತು, ಆಹಾರ ಸರಪಳಿಯ ಚಿತ್ರದಲ್ಲಿ ಬಾಣದ ದಿಕ್ಕು. ಬಾಣ ತಿನ್ನಿಸಿಕೊಂಡದ್ದರಿಂದ ತಿಂದದ್ದರ ಕಡೆಗೆ ಹೋಗಬೇಕು, ಯಾಕಂದ್ರೆ ಅದು ಶಕ್ತಿ ಹರಿಯುವ ದಾರಿ. ಬಹಳ ಮಕ್ಕಳು ಉಲ್ಟಾ ಬರೀತಾರೆ. ಐದನೇ ಕ್ಲಾಸಿನ ಮಗುವಿಗೆ ನೀರನ್ನೇ ಶಕ್ತಿ ಅಂದುಕೊಂಡು ತೋರಿಸಿ: ಗಿಡಕ್ಕೆ ಒಂದು ಲೀಟರ್, ಹುಳಕ್ಕೆ 100 ಮಿ.ಲೀ., ಹುಳ ತಿನ್ನುವ ಹಕ್ಕಿಗೆ 10, ಗಿಡುಗಕ್ಕೆ ಔಷಧಿ ಸಿರಿಂಜಿನಲ್ಲಿ 1. ಹಂತಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ದಾಟುತ್ತೆ, ಉಳಿದದ್ದು ಉಸಿರಾಟ, ಓಡಾಟ, ಹಿಕ್ಕೆಗೆ ಹೋಗುತ್ತೆ. ಉಳಿದ ನೀರು ಕುಂಡಕ್ಕೆ ಹಾಕಿಸಿ.

ಕೆರೆದಂಡೆ:
ಭಾನುವಾರ ಜಕ್ಕೂರು ಕೆರೆಗೆ ಹೋಗಿ. ಚರಂಡಿ ನೀರಿನ ಶುದ್ಧೀಕರಣ ಘಟಕದಿಂದ ಬಂದ ನೀರು ಜೊಂಡಿನ ಜೌಗು ದಾಟಿ ಕೆರೆ ಸೇರುತ್ತೆ, ಗಿಡಗಳು ಸಾರಜನಕ, ರಂಜಕ ಹೀರಿಕೊಳ್ತವೆ. ನೀರುಕಾಗೆ, ಹೆಜ್ಜಾರ್ಲೆ, ನಾಮಗೋಳಿ ಏನು ತಿಂತವೆ ಅಂತ ಬರೆಸಿ. ಬೆಳ್ಳಂದೂರು ಕೆರೆಯಲ್ಲಿ ಡಿಟರ್ಜೆಂಟ್ ನೊರೆಗೆ 2015ರಲ್ಲಿ ಬೆಂಕಿ ಹತ್ತಿದ್ದು ಐದನೇ ಕ್ಲಾಸಿನವರಿಗೆ ಹೇಳಬಹುದು.

ವಿಜಯನಗರ_ಅಮ್ಮ:
ಬಾಲ್ಕನಿಗೆ ಪಾರಿವಾಳದ ಬಲೆ ಇದೆ. ಚಿಟ್ಟೆ ಒಳಗೆ ಬರುತ್ತಾ?

ಚಿಟ್ಟೆಗಿಡ:
ಕಷ್ಟ. ಮಾರ್ಮನ್ ರೆಕ್ಕೆ ಹರವಿದರೆ 9–10 ಸೆಂ.ಮೀ. ಚಿಗುರು ಬಂದಾಗ ಕುಂಡ ಟೆರೇಸಿನಲ್ಲಿಡಿ, ಮೊಟ್ಟೆ ಕಂಡ ಮೇಲೆ ಕೆಳಗೆ ತನ್ನಿ. ಚಿಟ್ಟೆ ಹೊರಬಂದ ದಿನ ರೆಕ್ಕೆ ಒಣಗೋಕೆ ಒಂದೆರಡು ಗಂಟೆ ನೇತಾಡಲು ಬಿಡಿ. ಆಮೇಲೆ ಕುಂಡವನ್ನು ಮತ್ತೆ ಮೇಲಕ್ಕೆ ಒಯ್ಯಿರಿ.